ಮಣಿಕಟ್ಟಿನ ನಾಲ್ಕು ಮೂಳೆ ಒಂದಾದ ಮೇಲೆ

9 ವರ್ಷದ ಹಿಂದೆ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದೆ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಬಲಗೈ ಊರಿದೆ. ಮಣಿಕಟ್ಟು ಸ್ವಲ್ಪ ಊದಿಕೊಂಡಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. "ಉಳುಕಿದೆ ಅಷ್ಟೇ" ಅಂದರು. ಪಟ್ಟಿ ಸುತ್ತಿಕೊಂಡು ಮನೆಗೆ ಬಂದೆ. ಒಂದು ತಿಂಗಳಲ್ಲಿ ನೋವು ಇಳಿಯಿತು. ನಾನೂ ಮರೆತುಬಿಟ್ಟೆ.

ಆ ದಿನ ಮುರಿದಿದ್ದು ಸ್ಕೇಫಾಯ್ಡ್ ಅನ್ನುವ ಚಿಕ್ಕ ಮೂಳೆ. ಹೆಬ್ಬೆರಳಿನ ಬುಡದಲ್ಲಿ ಇರುತ್ತದೆ, ಗೋಡಂಬಿ ಬೀಜದಷ್ಟು ದೊಡ್ಡದು, ಅದೇ ತರ ಬಾಗಿರುತ್ತದೆ. ಇದಕ್ಕೆ ರಕ್ತ ಹೋಗುವ ದಾರಿ ತಿರುವುಮುರುವು. ಬೆರಳಿನ ಕಡೆಯಿಂದ ಒಳಗೆ ಬಂದು ಮೊಣಕೈ ಕಡೆಗೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸರಿಯಾಗಿ ಸಿಗುವುದಿಲ್ಲ. ಎಷ್ಟೋ ಸಲ ಮೂಳೆ ಸೇರುವುದೇ ಇಲ್ಲ. ನನ್ನದೂ ಸೇರಲಿಲ್ಲ. ಅದು ನನಗೆ ಗೊತ್ತಾಗಿದ್ದು 7 ವರ್ಷ ಆದ ಮೇಲೆ.

ಕೈ ಊರಿ ಬಿದ್ದವರಿಗೆ ಒಂದು ಮಾತು. ಹೆಬ್ಬೆರಳನ್ನು ಹೊರಕ್ಕೆ ಚಾಚಿದಾಗ ಅದರ ಬುಡದಲ್ಲಿ, ಎರಡು ದಾರದಂತಹ ಗೆರೆಗಳ ನಡುವೆ, ಒಂದು ಗುಳಿ ಕಾಣುತ್ತದೆ. ಅಲ್ಲಿ ಒತ್ತಿದರೆ ನೋವಾಗುತ್ತಾ ನೋಡಿ. ಆಗುತ್ತಿದ್ದರೆ ಮೊದಲ ಎಕ್ಸ್‌ರೇ ಚೆನ್ನಾಗಿದೆ ಅಂತ ಸುಮ್ಮನಾಗಬೇಡಿ. ಈ ಮುರಿತ ಶುರುವಿನಲ್ಲಿ ಕಾಣದೇ ಇರಬಹುದು. 10ರಿಂದ 14 ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ, ಇಲ್ಲವಾದರೆ ಎಂಆರ್‌ಐ ಮಾಡಿಸಿ ಅಂತ ನೀವೇ ಕೇಳಿ. ನನಗೆ ಇದನ್ನು ಯಾರಾದರೂ ಹೇಳಿದ್ದರೆ ಇಲ್ಲಿ ಬರೆಯುತ್ತಿರುವ ಹೆಚ್ಚಿನದು ನಡೆಯುತ್ತಲೇ ಇರಲಿಲ್ಲ.

ನೋವು ಮರಳಿ ಬಂದಿದ್ದು ನಿಧಾನವಾಗಿ. ಬಾಗಿಲು ತಳ್ಳಿದರೆ ಚುಚ್ಚುತ್ತಿತ್ತು. ಕುರ್ಚಿಯ ಮೇಲೆ ಅಂಗೈ ಊರಿ ಏಳುವುದು ಕಷ್ಟವಾಯಿತು. ಆಮೇಲೆ ಕೈ ತಿರುಗಿಸುವಾಗ ಒಳಗೆ ಮರಳು ಉಜ್ಜಿದ ಹಾಗೆ ಅನ್ನಿಸತೊಡಗಿತು. ಎರಡು ವರ್ಷ ಮಾತ್ರೆ, ಎಣ್ಣೆ, ಮಣಿಕಟ್ಟಿನ ಪಟ್ಟಿ ಅಂತ ದಿನ ತಳ್ಳಿದೆ. ರಾತ್ರಿ ಮಗ್ಗುಲು ಬದಲಿಸುವಾಗ ನೋವಿಗೆ ಎಚ್ಚರವಾಗಲು ಶುರುವಾದಾಗ ಅಕ್ಕ ಬೈದಳು. "ಎಷ್ಟು ದಿನ ಅಂತ ಹಿಂಗೇ ಇರ್ತೀಯಾ? ನಾಳೆ ನಾನೇ ಕರ್ಕೊಂಡು ಹೋಗ್ತೀನಿ."

ಮೊದಲು ತೋರಿಸಿದ ಇಬ್ಬರು ಮೂಳೆ ಡಾಕ್ಟರೂ ಕೈಯ ಆಪರೇಷನ್‌ನಲ್ಲೇ ಪರಿಣತಿ ಇರುವವರ ಹತ್ತಿರ ಹೋಗಿ ಅಂದರು. ಅವರ ಭೇಟಿಗೆ 5 ವಾರ ಕಾಯಬೇಕಾಯಿತು. ಆ 5 ವಾರದಲ್ಲಿ ಹಳೆಯ ಎಕ್ಸ್‌ರೇ ಹುಡುಕಿದೆ. ಸಿಗಲಿಲ್ಲ. ದಯವಿಟ್ಟು ಹಳೆಯ ಎಕ್ಸ್‌ರೇ, ಚೀಟಿ ಯಾವುದನ್ನೂ ಎಸೆಯಬೇಡಿ. ಕನಿಷ್ಠ ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಅದು ಇಲ್ಲದ್ದರಿಂದ ಮುಂದೆ ಎಷ್ಟು ಒದ್ದಾಡಿದೆ ಅಂತ ಆಮೇಲೆ ಹೇಳುತ್ತೇನೆ.

ಎರಡೂ ಕೈಗಳ ಎಕ್ಸ್‌ರೇ ತೆಗೆಸಿದರು. ಒಳ್ಳೆಯ ಕೈಯನ್ನು ಯಾಕೆ ತೆಗೆಸುತ್ತಾರೆ ಅಂದುಕೊಂಡಿದ್ದೆ. ಹೋಲಿಸಿ ನೋಡಲು ಅದು ಬೇಕಂತೆ. ಆಮೇಲೆ ಸಿಟಿ ಸ್ಕ್ಯಾನ್. ಅದಕ್ಕೆ ಮತ್ತೆ 8 ದಿನ.

ಆ ಡಾಕ್ಟರು ಸ್ಕ್ಯಾನ್ ಹಾಕಿ ಅರ್ಧ ಗಂಟೆ ಕೂತು ವಿವರಿಸಿದರು. ಇಡೀ ಪಯಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಆ ಅರ್ಧ ಗಂಟೆ, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮಣಿಕಟ್ಟು ಅಂದರೆ ಒಂದೇ ಕೀಲು ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಅಲ್ಲಿ 8 ಚಿಕ್ಕ ಮೂಳೆಗಳು ಎರಡು ಸಾಲಾಗಿ ಕೂತಿವೆ. ಮುಂಗೈಯ ರೇಡಿಯಸ್ ಮೂಳೆಯ ತುದಿಯಲ್ಲಿ ಎರಡು ಬಟ್ಟಲಿನಂತಹ ತಗ್ಗುಗಳಿವೆ. ಒಂದರಲ್ಲಿ ಸ್ಕೇಫಾಯ್ಡ್, ಇನ್ನೊಂದರಲ್ಲಿ ಲುನೇಟ್ ಕೂರುತ್ತದೆ. ನಾವು ಮಣಿಕಟ್ಟು ಬಗ್ಗಿಸಿದಾಗ ಅರ್ಧದಷ್ಟು ಚಲನೆ ರೇಡಿಯಸ್ ಮತ್ತು ಮೊದಲ ಸಾಲಿನ ನಡುವೆ ಆಗುತ್ತದೆ. ಉಳಿದದ್ದು ಎರಡು ಸಾಲುಗಳ ನಡುವೆ. ಕೈ ನೇರವಾಗಿದ್ದಾಗ ಅಂಗೈಯಿಂದ ಬರುವ ಭಾರದಲ್ಲಿ ಸುಮಾರು 80 ಭಾಗ ರೇಡಿಯಸ್ ಮೇಲೆ, 20 ಭಾಗ ಕಿರುಬೆರಳ ಕಡೆಯ ಅಲ್ನಾ ಮೇಲೆ ಬೀಳುತ್ತದೆ.

ಆಮೇಲೆ ಅವರು ನನ್ನ ತೊಡೆಯ ಮೇಲೆ ಅಂಗೈ ಇಟ್ಟು ಒತ್ತಲು ಹೇಳಿದರು. ಏನೂ ಅನ್ನಿಸಲಿಲ್ಲ. ಅಷ್ಟೇ ಬಲ ಹಾಕಿ ಒಂದೇ ಬೆರಳ ತುದಿಯಿಂದ ಒತ್ತಲು ಹೇಳಿದರು. ನೋವಾಯಿತು. "ನಿಮ್ಮ ಕೀಲಿನಲ್ಲಿ ಆಗಿರೋದೂ ಇದೇ" ಅಂದರು. "ಭಾರ ಅಷ್ಟೇ ಇದೆ. ಅದನ್ನ ಹೊರೋ ಜಾಗ ಕಡಿಮೆ ಆಗಿದೆ."

ಸ್ಕೇಫಾಯ್ಡ್ ಮತ್ತು ಅದರ ಬಟ್ಟಲು ಒಂದರೊಳಗೆ ಒಂದು ಇಟ್ಟ ಎರಡು ಚಮಚದ ಹಾಗೆ. ಸರಿಯಾಗಿ ಕೂತಿದ್ದರೆ ಇಡೀ ಮೈ ತಾಗುತ್ತದೆ. ಮೇಲಿನ ಚಮಚ ಸ್ವಲ್ಪ ತಿರುಗಿದರೂ ಅಂಚುಗಳು ಮಾತ್ರ ತಾಗುತ್ತವೆ. ನನ್ನ ಮುರಿದ ಮೂಳೆಯ ಮುಂದಿನ ತುಂಡು ಬಾಗಿ, ರೇಡಿಯಸ್ಸಿನ ಹೆಬ್ಬೆರಳ ಕಡೆಯ ಅಂಚಿಗೆ ಉಜ್ಜುತ್ತಾ ಮೆದುಮೂಳೆಯನ್ನು ಸವೆಸಿತ್ತು. ಲುನೇಟ್ ಮತ್ತು ಅದರ ಬಟ್ಟಲು ಹಾಗಲ್ಲ. ಅವು ಚೆಂಡಿನ ಹಾಗೆ ಗುಂಡಗೆ ಹೊಂದಿಕೊಂಡಿರುತ್ತವೆ, ಸ್ವಲ್ಪ ವಾಲಿದರೂ ತಾಗುವ ಜಾಗ ಅಷ್ಟೇ ಉಳಿಯುತ್ತದೆ. ಆದ್ದರಿಂದ ಸುತ್ತಲಿನದೆಲ್ಲ ಸವೆದರೂ ಆ ಕೀಲು ಬಹಳ ಕಾಲ ಚೆನ್ನಾಗಿರುತ್ತದೆ. ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದು ಸವೆದ ಮಣಿಕಟ್ಟುಗಳಲ್ಲೂ ಹೀಗೇ ಆಗುತ್ತದೆ ಅಂತ 1984ರಲ್ಲಿ ವಾಟ್ಸನ್ ಮತ್ತು ಬ್ಯಾಲೆಟ್ ಎಂಬ ವೈದ್ಯರು 4000 ಎಕ್ಸ್‌ರೇ ನೋಡಿ ಬರೆದಿದ್ದರಂತೆ. ನನ್ನ ಆಪರೇಷನ್ ನಿಂತಿದ್ದು ಈ ಒಂದು ವಿಷಯದ ಮೇಲೆ.

ದಾರಿ ಮೂರಿದ್ದವು. ಮೊದಲನೆಯದು, ಮೊದಲ ಸಾಲಿನ ಮೂರು ಮೂಳೆಗಳನ್ನು ತೆಗೆದುಬಿಡುವುದು. ಬೆಸೆಯುವ ಕೆಲಸವೇ ಇಲ್ಲ, ಮೂಳೆ ಸೇರಲು ಕಾಯಬೇಕಿಲ್ಲ. ಆಗ ಎರಡನೇ ಸಾಲಿನ ಕ್ಯಾಪಿಟೇಟ್ ಮೂಳೆಯ ತಲೆ ಬಂದು ಲುನೇಟ್ ಕೂರುತ್ತಿದ್ದ ಬಟ್ಟಲಿನಲ್ಲಿ ಕೂರುತ್ತದೆ. ಆದರೆ ಆ ತಲೆ ಬಟ್ಟಲಿಗಿಂತ ಚಿಕ್ಕದು. ತಾಗುವ ಜಾಗ ಕಡಿಮೆ, ಒತ್ತಡ ಜಾಸ್ತಿ. ನನ್ನ ಸ್ಕ್ಯಾನ್‌ನಲ್ಲಿ ಆ ತಲೆಯ ಮೆದುಮೂಳೆಯೂ ಸವೆದಿತ್ತು. ಹಾಗಾಗಿ ಈ ದಾರಿ ಅಲ್ಲಿಗೇ ಮುಚ್ಚಿತು.

ಎರಡನೆಯದು ಫೋರ್ ಕಾರ್ನರ್ ಫ್ಯೂಷನ್. ಕೆಟ್ಟ ಸ್ಕೇಫಾಯ್ಡ್ ತೆಗೆದು, ಲುನೇಟ್, ಕ್ಯಾಪಿಟೇಟ್, ಹ್ಯಾಮೇಟ್, ಟ್ರೈಕ್ವೀಟ್ರಮ್ ಈ ನಾಲ್ಕನ್ನೂ ಸೇರಿಸಿ ಒಂದೇ ಮೂಳೆ ಮಾಡುವುದು. ಎರಡು ಸಾಲುಗಳ ನಡುವಿನ ಚಲನೆ ಪೂರ್ತಿ ಹೋಗುತ್ತದೆ. ರೇಡಿಯಸ್ ಮತ್ತು ಲುನೇಟ್ ನಡುವಿನ ಚಲನೆ ಉಳಿಯುತ್ತದೆ. ಒಟ್ಟಿನಲ್ಲಿ ಒಳ್ಳೆಯ ಕೈಯ ಅರ್ಧದಷ್ಟು ಅಂತ ಇಟ್ಟುಕೊಳ್ಳಿ.

ಮೂರನೆಯದು ಪೂರ್ತಿ ಫ್ಯೂಷನ್. ರೇಡಿಯಸ್‌ನಿಂದ ಮಧ್ಯದ ಬೆರಳಿನ ಅಂಗೈ ಮೂಳೆಯವರೆಗೆ ಪ್ಲೇಟ್ ಹಾಕಿ, ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಹಿಂದಕ್ಕೆ ಬಾಗಿಸಿ ನಿಲ್ಲಿಸುತ್ತಾರೆ. ಮಣಿಕಟ್ಟು ಇನ್ನು ಬಗ್ಗುವುದೇ ಇಲ್ಲ. ಉಜ್ಜುವ ಜಾಗವೇ ಇಲ್ಲದ್ದರಿಂದ ಕೀಲಿನ ನೋವಿಗೆ ಇದು ಎಲ್ಲಕ್ಕಿಂತ ಖಚಿತವಾದ ಉಪಾಯ. ಮುಷ್ಟಿಯ ಬಲವೂ ಚೆನ್ನಾಗಿ ಉಳಿಯುತ್ತದೆ. ಅಂಗೈ ಮೇಲೆ ಕೆಳಗೆ ಮಾಡುವ ತಿರುಗಾಟ ಕೂಡ ಉಳಿಯುತ್ತದೆ, ಅದು ಆಗುವುದು ಮುಂಗೈಯ ಎರಡು ಮೂಳೆಗಳ ನಡುವೆ. ಇದು ನನಗೆ ಗೊತ್ತೇ ಇರಲಿಲ್ಲ. ಫ್ಯೂಷನ್ ಅಂದರೆ ಬೀಗದ ಕೈ ತಿರುಗಿಸಲೂ ಆಗುವುದಿಲ್ಲ ಅಂದುಕೊಂಡು ಎಷ್ಟು ರಾತ್ರಿ ಹೆದರಿದ್ದೆನೋ.

ನಾನು ಎರಡನೆಯದನ್ನು ಒಪ್ಪಿದೆ. ಆದರೆ ಒಪ್ಪಿಗೆ ಪತ್ರದಲ್ಲಿ ಎರಡೂ ಹೆಸರು ಇದ್ದವು. ಕೈ ಬಿಚ್ಚಿದ ಮೇಲೆ ಲುನೇಟ್ ಕೂರುವ ಬಟ್ಟಲೂ ಸವೆದಿರುವುದು ಕಂಡರೆ ಪೂರ್ತಿ ಫ್ಯೂಷನ್ ಮಾಡುತ್ತೇವೆ ಅಂತ ಬರೆದಿತ್ತು. ಪೆನ್ನು ಹಿಡಿದು ಕೂತಿದ್ದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನಗೆ ಅಳು ಬಂತು. ಬಗ್ಗುವ ಕೈ ಇಟ್ಟುಕೊಂಡು ಏಳುತ್ತೇನೋ ಬಗ್ಗದ ಕೈ ಇಟ್ಟುಕೊಂಡೋ ಗೊತ್ತಿಲ್ಲದೆ ಮಲಗಬೇಕಲ್ಲ. ಆ ದಿನ ಸಹಿ ಮಾಡಲಿಲ್ಲ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಮಣಿಕಟ್ಟು ಸ್ವಲ್ಪವೂ ಅಲುಗದ ಗಟ್ಟಿ ಸ್ಪ್ಲಿಂಟ್ ಕೊಟ್ಟು, "2 ವಾರ ಇದನ್ನ ಹಾಕ್ಕೊಂಡೇ ಎಲ್ಲಾ ಕೆಲಸ ಮಾಡಿ ನೋಡಿ" ಅಂದರು.

ಫ್ಯೂಷನ್ ಬಗ್ಗೆ ಯೋಚಿಸುತ್ತಿರುವ ಎಲ್ಲರೂ ಇದನ್ನು ಮಾಡಿ ನೋಡಲೇಬೇಕು. ಬರೆಯುವುದು, ಟೈಪ್ ಮಾಡುವುದು, ಸ್ನಾನ ಮಾಡುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಬೆನ್ನಿನ ಗುಂಡಿ, ಶೌಚದ ನಂತರ ತೊಳೆದುಕೊಳ್ಳುವುದು, ಇಕ್ಕಟ್ಟಾದ ಜಾಗಕ್ಕೆ ಕೈ ಹಾಕುವುದು, ಇವು ಕಷ್ಟವಾದವು. ಎಡಗೈ ಅಭ್ಯಾಸ ಅಲ್ಲೇ ಶುರು ಮಾಡಿದೆ. ಎರಡು ವಾರ ಆದ ಮೇಲೆ ಕೈ ನಡುಗದೆ ಸಹಿ ಹಾಕಿದೆ.

ಇನ್ನು ಕಾಗದದ ಕೆಲಸ. ವಿಮೆಯವರು ಮೊದಲೇ ಒಪ್ಪಿಗೆ ಕೊಡಬೇಕಿತ್ತು. ಪೆಟ್ಟಾದ ದಿನಾಂಕಕ್ಕೆ ದಾಖಲೆ ಕೇಳಿದರು. ಹಳೆಯ ಎಕ್ಸ್‌ರೇ ನನ್ನ ಹತ್ತಿರ ಇರಲಿಲ್ಲ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆಯಾ, ಆಮೇಲಿನದ್ದಾ ಅಂತ ಪ್ರಶ್ನೆ. ಹಳೆಯ ಆಸ್ಪತ್ರೆಗೆ ಮೂರು ಸಲ ಅಲೆದು ನೋಂದಣಿ ಪುಸ್ತಕದ ಒಂದು ಸಾಲಿನ ನಕಲು ತಂದೆ. ಅದಕ್ಕೇ 3 ವಾರ ಹೋಯಿತು. ಒಪ್ಪಿಗೆ ಬಂದಾಗ ಪ್ಲೇಟ್ ಮತ್ತು ಸ್ಕ್ರೂಗಳಿಗೆ ಬೇರೆ ಮಿತಿ ಇತ್ತು. ಅದರಾಚೆ ನಮ್ಮದೇ ಖರ್ಚು. ನಾನು ಲೆಕ್ಕಕ್ಕೇ ಇಟ್ಟುಕೊಳ್ಳದ ಇನ್ನೂ ಕೆಲವು ಖರ್ಚುಗಳು ಬಂದವು: ಆಪರೇಷನ್ ನಂತರದ ಎರಡನೇ ಸಿಟಿ ಸ್ಕ್ಯಾನ್, ಅಳತೆಗೆ ಮಾಡಿಸಿದ ಸ್ಪ್ಲಿಂಟ್, ಎಲ್ಲಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಕೆಲಸಕ್ಕೆ ಹೋಗದ ದಿನಗಳನ್ನೂ ಸೇರಿಸಿಕೊಳ್ಳಿ. ನಾನು 6 ವಾರ ರಜೆ ಅಂದುಕೊಂಡಿದ್ದೆ, 3 ತಿಂಗಳು ಮೀರಿತು.

ಯಾರೂ ಹೇಳದ ಇನ್ನೊಂದು ವಿಷಯ. ಬಲಗೈಯಲ್ಲಿ ಬರೆಯುವವರಾದರೆ ಬ್ಯಾಂಕು, ರಜೆ, ವಿಮೆ ಇವುಗಳ ಸಹಿಗಳನ್ನೆಲ್ಲ ಮೊದಲೇ ಮುಗಿಸಿಕೊಳ್ಳಿ. ಆಪರೇಷನ್ ಆದ ಮೇಲೆ ವಾರಗಟ್ಟಲೆ ನಿಮ್ಮ ಸಹಿ ನಿಮ್ಮದರ ಹಾಗೆ ಇರುವುದಿಲ್ಲ. ನನ್ನ ಒಂದು ಅರ್ಜಿ ಸಹಿ ಹೊಂದುತ್ತಿಲ್ಲ ಅಂತ ವಾಪಸ್ ಬಂತು.

ನಾನು ದಿನಕ್ಕೆ ನಾಲ್ಕೈದು ಸಿಗರೇಟು ಸೇದುತ್ತಿದ್ದೆ. ಅದನ್ನು ಪೂರ್ತಿ ಬಿಟ್ಟು 6 ವಾರ ಆಗುವವರೆಗೆ ಡಾಕ್ಟರು ದಿನಾಂಕವನ್ನೇ ಕೊಡಲಿಲ್ಲ. ನಿಕೋಟಿನ್ ಮೂಳೆ ಸೇರುವುದನ್ನು ತಡೆಯುತ್ತದೆ. ಆಗ ಸಿಟ್ಟು ಬಂದಿತ್ತು. ಈಗ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಆಪರೇಷನ್ ದಿನ ಭುಜದ ಹತ್ತಿರ ಸೂಜಿ ಹಾಕಿ ತೋಳಿಗೆ ಮಾತ್ರ ಅರಿವಳಿಕೆ ಕೊಟ್ಟರು. ಕಾಲು ಗಂಟೆಯಲ್ಲಿ ತೋಳು ನನ್ನದಲ್ಲ ಅನ್ನುವಷ್ಟು ಭಾರವಾಯಿತು. ಜೊತೆಗೆ ಮಂಪರು ಬರುವ ಔಷಧಿ. ಎರಡು ಗಂಟೆಯ ಕೆಲಸ. ಮಣಿಕಟ್ಟಿನ ಹಿಂಬದಿಯಲ್ಲಿ ಉದ್ದಕ್ಕೆ ಕೊಯ್ದು, ನಾಲ್ಕು ಮೂಳೆಗಳ ನಡುವಿನ ಮೆದುಮೂಳೆ ಕೆರೆದು, ತೆಗೆದ ಸ್ಕೇಫಾಯ್ಡ್ ಮತ್ತು ರೇಡಿಯಸ್‌ನಿಂದ ತೆಗೆದ ಮೂಳೆಯ ಚೂರುಗಳನ್ನು ಆ ಸಂದುಗಳಲ್ಲಿ ತುಂಬಿ ಬಿಗಿದಿದ್ದರು. ಬಿಗಿಯುವ ಮೊದಲು ಹಿಂದಕ್ಕೆ ವಾಲಿದ್ದ ಲುನೇಟನ್ನು ನೇರ ಮಾಡಿದ್ದರು. ವಾಲಿದ ಹಾಗೇ ಬೆಸೆದರೆ ಆಮೇಲೆ ಕೈ ಹಿಂದಕ್ಕೆ ಬಗ್ಗುವುದು ಕಡಿಮೆಯಾಗುತ್ತದಂತೆ. ಎಚ್ಚರವಾದಾಗ ಅಕ್ಕ ಮೊದಲು ಹೇಳಿದ್ದು, "ಬಟ್ಟಲು ಚೆನ್ನಾಗಿತ್ತಂತೆ ಕಣೋ. ನಾಲ್ಕು ಮೂಳೆ ಮಾತ್ರ." ಆ ಮಾತು ಕೇಳಿ ಮತ್ತೆ ನಿದ್ದೆ ಹೋದೆ.

ಅರಿವಳಿಕೆ ಇಳಿದಿದ್ದು ರಾತ್ರಿ 2 ಗಂಟೆಗೆ, ಒಮ್ಮೆಲೇ. ಅಂತಹ ನೋವು ನಾನು ಕಂಡಿರಲಿಲ್ಲ. ನೋವಿಲ್ಲ ಅಂತ ಸಂಜೆಯ ಮಾತ್ರೆ ಬೇಡ ಅಂದಿದ್ದೆ, ಅದು ತಪ್ಪು. ಬೆರಳು ಜೋಮಾಗಿರುವಾಗಲೇ ಮಾತ್ರೆ ನುಂಗಿಬಿಡಿ. ಕೈಯನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲೆ ಇಡಿ. ಬೆರಳು, ಮೊಣಕೈ, ಭುಜ ಎಲ್ಲವನ್ನೂ ಮೊದಲ ದಿನದಿಂದಲೇ ಆಡಿಸಿ. ಪ್ಲಾಸ್ಟರ್ ಬಿಗಿಯಾದರೆ, ಬೆರಳು ನೀಲಿಯಾದರೆ, ಇಲ್ಲವೇ ಬೆರಳು ಚಾಚಿದಾಗ ತಡೆಯಲಾಗದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

2 ವಾರಕ್ಕೆ ಹೊಲಿಗೆ ಬಿಚ್ಚಿ ಹೊಸ ಪ್ಲಾಸ್ಟರ್ ಹಾಕಿದರು. 8ನೇ ವಾರಕ್ಕೆ ಎಲ್ಲಾ ಮುಗಿಯುತ್ತದೆ ಅಂತ ದಿನ ಎಣಿಸುತ್ತಿದ್ದೆ. ಎಕ್ಸ್‌ರೇಯಲ್ಲಿ ಲುನೇಟ್ ಮತ್ತು ಕ್ಯಾಪಿಟೇಟ್ ನಡುವೆ ಇನ್ನೂ ಗೆರೆ ಕಾಣುತ್ತಿತ್ತು. ನಾಲ್ಕರಲ್ಲಿ ಅತಿ ಮುಖ್ಯವಾದ ಬೆಸುಗೆ ಅದೇ, ಭಾರ ಹಾದುಹೋಗುವ ದಾರಿ ಅದು. ಸಿಟಿ ಸ್ಕ್ಯಾನ್ ಮಾಡಿದರೆ ಸ್ವಲ್ಪ ಮಾತ್ರ ಸೇರಿದೆ ಅಂತ ಬಂತು. ಇನ್ನೂ 4 ವಾರ. ಆಪರೇಷನ್‌ಗಿಂತ ಆ 4 ವಾರ ಕಷ್ಟವಾಗಿತ್ತು. ಮತ್ತೆ ಕೊಯ್ಯಬೇಕಾಗುತ್ತಾ ಅನ್ನುವ ಯೋಚನೆ ಒಂದೇ. ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿತ್ತು. 12ನೇ ವಾರದ ಎಕ್ಸ್‌ರೇಯಲ್ಲಿ ಆ ಗೆರೆ ಮಸುಕಾಗಿ, ಮೂಳೆ ಅದನ್ನು ದಾಟಿತ್ತು. ನಿಧಾನವಾಗಿ ಸೇರುವವರೂ ಇರುತ್ತಾರೆ. 8ನೇ ವಾರದಲ್ಲಿ ಎದೆ ಒಡೆದುಕೊಳ್ಳಬೇಡಿ.

ಫಿಸಿಯೋಥೆರಪಿಯ ಮೊದಲ ದಿನ ಕೋನ ಅಳೆದಾಗ ಹಿಂದಕ್ಕೆ 15 ಡಿಗ್ರಿ, ಮುಂದಕ್ಕೆ 10. ಈಗ, 11 ತಿಂಗಳಿಗೆ, ಹಿಂದಕ್ಕೆ 38, ಮುಂದಕ್ಕೆ 32. ನನ್ನ ಎಡಗೈ ಎರಡೂ ಕಡೆ 70 ದಾಟುತ್ತದೆ. ಮುಷ್ಟಿಯ ಬಲ ಎಡಗೈಯ ಮುಕ್ಕಾಲು ಭಾಗಕ್ಕೆ ಬಂದಿದೆ. ಅಂಕಿ ನೋಡಿದರೆ ಕಡಿಮೆ ಅನ್ನಿಸಬಹುದು. ಆದರೆ ದಿನದ ಹೆಚ್ಚಿನ ಕೆಲಸಗಳಿಗೆ ಪೂರ್ತಿ ಬಗ್ಗುವ ಮಣಿಕಟ್ಟು ಬೇಕಾಗಿಯೇ ಇಲ್ಲ ಅಂತ ಈಗ ಗೊತ್ತಾಗಿದೆ.

ನಿಜವಾಗಿ ಕಳೆದುಕೊಂಡಿದ್ದು ಯಾವುದು ಅಂತ ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಸುತ್ತಿಗೆಯಿಂದ ಮೊಳೆ ಹೊಡೆಯುವಾಗ, ಕಲ್ಲು ಎಸೆಯುವಾಗ ಕೈ ಹೇಗೆ ಹೋಗುತ್ತದೆ ನೋಡಿ. ಹೆಬ್ಬೆರಳ ಕಡೆ ಹಿಂದಕ್ಕೆ ಎತ್ತಿ, ಕಿರುಬೆರಳ ಕಡೆ ಮುಂದಕ್ಕೆ ಓರೆಯಾಗಿ ಇಳಿಯುತ್ತದೆ. ಈ ಓರೆ ಚಲನೆಯ ಬಹುಪಾಲು ಆಗುವುದು ಎರಡು ಸಾಲುಗಳ ನಡುವೆ. ನನಗೆ ಬೆಸೆದಿದ್ದು ಅದನ್ನೇ. ಈಗ ಸುತ್ತಿಗೆ ಹಿಡಿದರೆ ಮೊಣಕೈ, ಭುಜದಿಂದ ಹೊಡೆಯುತ್ತೇನೆ. ಹತ್ತು ನಿಮಿಷಕ್ಕೆ ಭುಜ ದಣಿಯುತ್ತದೆ. ನಿಮ್ಮ ಕೆಲಸದಲ್ಲಿ ಈ ಚಲನೆ ಜಾಸ್ತಿ ಇದ್ದರೆ ಆಪರೇಷನ್‌ಗೆ ಮೊದಲೇ ಡಾಕ್ಟರಿಗೆ ತೋರಿಸಿ, ಮಾಡಿ ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು.

ಇನ್ನೊಂದು ಒತ್ತಡದ ವಿಷಯ. ಮೊದಲು ಎರಡು ಬಟ್ಟಲು ಹೊರುತ್ತಿದ್ದ ಭಾರವನ್ನು ಈಗ ಲುನೇಟಿನ ಒಂದು ಬಟ್ಟಲೇ ಹೊರಬೇಕು. ಅದು ಗಟ್ಟಿ, ನಿಜ. ಆದರೂ ಒಂದೇ. ನೆಲಕ್ಕೆ ಅಂಗೈ ಊರಿ ಏಳುವುದನ್ನು ಬಿಟ್ಟಿದ್ದೇನೆ. ಅಷ್ಟು ಹಿಂದಕ್ಕೆ ಬಗ್ಗುವುದೂ ಇಲ್ಲ, ಮೈಭಾರವೆಲ್ಲ ಆ ಚಿಕ್ಕ ಜಾಗದ ಮೇಲೆ ಬೀಳುವುದೂ ಬೇಡ. ಮುಷ್ಟಿ ಊರುತ್ತೇನೆ, ಇಲ್ಲವೇ ಮುಂಗೈ ಊರುತ್ತೇನೆ. ಬಿಗಿಯಾಗಿ ಹಿಡಿಯುವುದು ಕೂಡ ಭಾರವೇ ಅನ್ನುವುದು ನನಗೆ ಹೊಸದಾಗಿತ್ತು. ಬೆರಳು ಬಿಗಿಯುವ ಸ್ನಾಯುಗಳೆಲ್ಲ ಮಣಿಕಟ್ಟನ್ನು ದಾಟಿ ಬರುತ್ತವೆ, ಹಿಡಿದಾಗೆಲ್ಲ ಅವು ಕೀಲನ್ನು ಅದುಮುತ್ತವೆ. ಕೈಯಲ್ಲಿರುವ ವಸ್ತುವಿನ ತೂಕಕ್ಕಿಂತ ಕೀಲಿನ ಮೇಲೆ ಬೀಳುವ ಒತ್ತಡ ಎಷ್ಟೋ ಪಟ್ಟು ಜಾಸ್ತಿ. ಅದಕ್ಕೇ ಸ್ಕ್ರೂಡ್ರೈವರ್, ಪೆನ್ನು, ಬಕೆಟ್ಟಿನ ಹಿಡಿ ಎಲ್ಲಕ್ಕೂ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ದಪ್ಪ ಹಿಡಿ ಇದ್ದರೆ ಬಿಗಿ ಹಿಡಿಯಬೇಕಾಗುವುದಿಲ್ಲ. ಭಾರದ ವಸ್ತುವನ್ನು ಎರಡೂ ಕೈಯಲ್ಲಿ, ಮೈಗೆ ಹತ್ತಿರ ಹಿಡಿಯುತ್ತೇನೆ.

ಹೋದ ವಾರ ಮತ್ತೆ ಎಕ್ಸ್‌ರೇ ಆಯಿತು. ನಾಲ್ಕು ಮೂಳೆಗಳ ಗಡಿ ಈಗ ಕಾಣುವುದಿಲ್ಲ, ಒಂದೇ ಬಿಳಿ ಗಡ್ಡೆ, ನಡುವೆ ಲೋಹ. ಡಾಕ್ಟರು ಅದನ್ನು ಜಾಸ್ತಿ ನೋಡಲಿಲ್ಲ. ಅದರ ಕೆಳಗೆ, ಲುನೇಟ್ ಮತ್ತು ರೇಡಿಯಸ್ ನಡುವಿನ ತೆಳು ಕಪ್ಪು ಗೆರೆಯ ಮೇಲೆ ಪೆನ್ಸಿಲ್ ತುದಿ ಇಟ್ಟರು. ಎಕ್ಸ್‌ರೇಯಲ್ಲಿ ಮೆದುಮೂಳೆ ಕಾಣುವುದಿಲ್ಲ, ಆ ಖಾಲಿ ಗೆರೆಯೇ ಅದರ ಗುರುತು. "ಇದು ಇಷ್ಟೇ ಅಗಲ ಇರಬೇಕು. ವರ್ಷಕ್ಕೊಮ್ಮೆ ಬಂದು ಅಳೆಸಿಕೊಂಡು ಹೋಗಿ" ಅಂದರು. ಈ ಸಲದ ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿ, ಸ್ಕ್ರೂಗಳ ನಂಬರ್ ಇರುವ ಚೀಟಿ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ, ಮೇಲೆ ದಿನಾಂಕ ಬರೆದಿಟ್ಟಿದ್ದೇನೆ. ಬರೆದದ್ದು ಬಲಗೈಯಲ್ಲೇ.